ಇಂಗ್ಲಿಷಿನ ‘ರನ್’ ಪದಕ್ಕೆ ಅಷ್ಟೊಂದು ಅರ್ಥಗಳು ಹೇಗೆ ಬಂದವು?

‘ರನ್’ ಅಂದರೆ ಓಡು ಎಂದಷ್ಟೇ ಶಾಲೆಯಲ್ಲಿ ಕಲಿಯುತ್ತೇವೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪರಿಷ್ಕರಣೆಯಲ್ಲಿ ಈ ಕ್ರಿಯಾಪದ ಒಂದಕ್ಕೇ 645 ಅರ್ಥಗಳು ಸಿಕ್ಕಿವೆ. 1989ರ ಎರಡನೇ ಆವೃತ್ತಿಯಲ್ಲಿ ಮೊದಲ ಸ್ಥಾನ ‘ಸೆಟ್’ ಪದದ್ದಾಗಿತ್ತು, 430 ಅರ್ಥಗಳೊಂದಿಗೆ.

ಹಳೆಯ ಇಂಗ್ಲಿಷಿನಲ್ಲೇ ಈ ಪದಕ್ಕೆ ಓಡು, ಹರಿ ಎಂಬ ಎರಡೂ ಅರ್ಥಗಳಿದ್ದವು. ಗುಟ್ಟು ಇರುವುದು ಇಲ್ಲೇ. ‘ಹರಿ’ಯ ಕಡೆಯಿಂದ ನೆಗಡಿಯಲ್ಲಿ ಸೋರುವ ಮೂಗು, ಒಗೆದಾಗ ಬಿಡುವ ಬಣ್ಣ ಬಂದವು. ಆಮೇಲೆ ಯಂತ್ರಗಳ ಕಾಲ ಬಂತು ನೋಡಿ, ನಿಂತ ಜಾಗದಿಂದ ಅಲ್ಲಾಡದ ಎಂಜಿನ್ನೂ ‘ರನ್’ ಆಗತೊಡಗಿತು. ಈಗ ಕಂಪ್ಯೂಟರ್ ಪ್ರೋಗ್ರಾಂ ಕೂಡ. ಕ್ರಿಕೆಟ್ಟಿನ ರನ್ ಅಂತೂ ನಮ್ಮದೇ ಆಗಿಬಿಟ್ಟಿದೆ.

ನನಗೆ ತುಂಬ ಇಷ್ಟವಾದದ್ದು ಚುನಾವಣೆಯ ಪ್ರಯೋಗ. ಅಮೆರಿಕದ ಅಭ್ಯರ್ಥಿ ಚುನಾವಣೆಗೆ ‘ರನ್’ ಮಾಡುತ್ತಾರೆ, ಬ್ರಿಟನ್ನಿನವರು ‘ಸ್ಟ್ಯಾಂಡ್’ ಮಾಡುತ್ತಾರೆ. ನಾವೂ ಚುನಾವಣೆಗೆ ನಿಲ್ಲುವವರೇ!

ಹೋಟೆಲ್, ಕಂಪನಿ ‘ರನ್’ ಮಾಡುವುದಕ್ಕೆ ಕನ್ನಡದಲ್ಲಿ ‘ನಡೆಸು’ ಇದೆ. ಹಾಗಾಗಿ 645 ಅರ್ಥಗಳನ್ನು ಬಾಯಿಪಾಠ ಮಾಡಬೇಡಿ. ಮೂಗೋ ಎಂಜಿನ್ನೋ ಅಂಗಡಿಯೋ, ಜೊತೆಗಿರುವ ನಾಮಪದ ನೋಡಿ, ಅರ್ಥ ತಾನಾಗಿ ಹೊಳೆಯುತ್ತದೆ.