ಎರಡು ತಿಂಗಳು ತಿಂದ ಪ್ರೆಡ್ನಿಸೋಲೋನ್ ಮಾತ್ರೆಯನ್ನು ನಾಳೆಯೇ ಬಿಡಬಹುದೇ?

ನಿಮ್ಮ ತಾಯಿಯವರು ಸಂಧಿವಾತಕ್ಕೆ ಎರಡು ತಿಂಗಳಿಂದ ದಿನಕ್ಕೆ 20 ಮಿ.ಗ್ರಾಂ. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ತಗೊಳ್ತಿದ್ದಾರೆ, ನೋವು ಹೋಗಿದೆ, ಮುಖ ಊದಿದೆ, ನಾಳೆಯಿಂದಲೇ ಬಿಡಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಿಸಬೇಡಿ. ಮುಖದ ಊತ ಡೋಸ್ ಇಳಿದಂತೆ ತಾನಾಗಿ ಇಳಿಯುತ್ತದೆ.

ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ದಿನವೂ ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ತಯಾರಿಸುತ್ತವೆ. ಅದು ಸುಮಾರು 5 ಮಿ.ಗ್ರಾಂ. ಪ್ರೆಡ್ನಿಸೋಲೋನ್‌ಗೆ ಸಮ. ಅದರ ನಾಲ್ಕು ಪಟ್ಟು ಹೊರಗಿನಿಂದ ಬರುತ್ತಿದ್ದರೆ ಅಡ್ರಿನಲ್‌ಗೆ ಆದೇಶ ಕಳಿಸುವ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಸುಮ್ಮನಾಗುತ್ತದೆ, ಅಡ್ರಿನಲ್ ಸೊರಗುತ್ತದೆ. ಮೂರು–ನಾಲ್ಕು ವಾರ ದಾಟಿದ ಯಾರಿಗಾದರೂ ಹೀಗಾಗಿರಬಹುದು. ಒಮ್ಮೆಲೇ ಬಿಟ್ಟರೆ ಕೈಕಾಲಲ್ಲಿ ಶಕ್ತಿಯಿಲ್ಲದ ಸುಸ್ತು, ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ. ಅದೇ ಹೊತ್ತಿಗೆ ಜ್ವರವೋ ಭೇದಿಯೋ ಬಂದರೆ ಬಿ.ಪಿ. ಕುಸಿದು ಜೀವಕ್ಕೇ ಕುತ್ತು.

ಸಾಮಾನ್ಯವಾಗಿ 20ರಿಂದ 10ರವರೆಗೆ ಒಂದೆರಡು ವಾರಕ್ಕೊಮ್ಮೆ 2.5 ಮಿ.ಗ್ರಾಂ. ಇಳಿಸುತ್ತಾರೆ. ನಿಜವಾದ ಕಷ್ಟ ಇರುವುದು 10ರ ಕೆಳಗೆ. ಅಲ್ಲಿ ಎರಡರಿಂದ ನಾಲ್ಕು ವಾರಕ್ಕೆ 1 ಮಿ.ಗ್ರಾಂ. ಸಾಕು, 1ರ ಮಾತ್ರೆ ಸಿಗದಿದ್ದರೆ 2.5ರದ್ದನ್ನು ಅರ್ಧ ಮಾಡಿ. ವೇಳಾಪಟ್ಟಿಯನ್ನು ಡಾಕ್ಟರೇ ಬರೆದುಕೊಡಲಿ. ಇಳಿಸುವಾಗ ಗಂಟು ಊದಿ ಬೆಳಗಿನ ಹೊತ್ತು ಬಿಗಿಯುತ್ತಿದ್ದರೆ ಕಾಯಿಲೆ ಮರುಕಳಿಸಿರಬಹುದು. ಊತವಿಲ್ಲದ ಬರೀ ಮೈಕೈ ನೋವಾದರೆ ಸ್ಟೀರಾಯ್ಡ್ ಇಳಿದದ್ದಕ್ಕೂ ಆಗುತ್ತದೆ. ಸಂಧಿವಾತವನ್ನು ನಿಧಾನಕ್ಕೆ ಹತೋಟಿಗೆ ತರುವ ಮೆಥೋಟ್ರೆಕ್ಸೇಟ್ ಔಷಧಿ ಜೊತೆಗಿದ್ದರೆ ಅದು ಪೂರ್ತಿ ಹಿಡಿತಕ್ಕೆ ಬರಲು 6ರಿಂದ 12 ವಾರ ಬೇಕು, ಹಾಗಾಗಿ ಅವಸರ ಬೇಡ.

ಪ್ರತಿಸಲ ಸ್ಟ್ರಿಪ್ ತಿರುಗಿಸಿ ಮಿ.ಗ್ರಾಂ. ಓದಿ. ಮೆಡಿಕಲ್ ಶಾಪಿನಲ್ಲಿ 5ರ ಬದಲು 10ರದ್ದು ಕೊಟ್ಟರೆ ‘ಒಂದು ಮಾತ್ರೆ’ ಎಂದು ನುಂಗುತ್ತಾ ಡೋಸ್ ಎರಡು ಪಟ್ಟಾಗುತ್ತದೆ. ಬೇರೆ ಹೆಸರಿನದ್ದು ಕೊಟ್ಟರೆ ಲೆಕ್ಕವೇ ಬೇರೆ: ಪ್ರೆಡ್ನಿಸೋಲೋನ್ 5 ಅಂದರೆ ಮೀಥೈಲ್‌ಪ್ರೆಡ್ನಿಸೋಲೋನ್ 4, ಡೆಫ್ಲಾಜಾಕಾರ್ಟ್ 6, ಡೆಕ್ಸಾಮೆಥಾಸೋನ್ ಬರೀ 0.75 ಮಿ.ಗ್ರಾಂ.

ಮಾತ್ರೆ ಬೆಳಿಗ್ಗೆ ತಿಂಡಿಯಾದ ಮೇಲೆ ಕೊಡಿ. ರಾತ್ರಿ ಕೊಟ್ಟರೆ ನಿದ್ದೆ ಕೆಡುತ್ತದೆ. ಶುಗರ್ ಅನ್ನು ಖಾಲಿ ಹೊಟ್ಟೆಯಲ್ಲಷ್ಟೇ ನೋಡಿ ನೆಮ್ಮದಿಯಾಗಬೇಡಿ. ಬೆಳಗಿನ ಡೋಸ್‌ನಿಂದ ಅದು ಏರುವುದು ಮಧ್ಯಾಹ್ನದ ಊಟದ ನಂತರ, ಸಂಜೆಯವರೆಗೆ. ಡಾಕ್ಟರನ್ನು ಕೇಳದೆ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ಸೇರಿಸಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದು.

ಜ್ವರ ಬಂದ ದಿನ ಮಾತ್ರೆ ತಪ್ಪಿಸಲೇಬೇಡಿ, ಡೋಸ್ ಹೆಚ್ಚಿಸಬೇಕೇ ಎಂದು ಡಾಕ್ಟರಿಗೆ ಫೋನ್ ಮಾಡಿ. ವಾಂತಿಯಾಗಿ ಮಾತ್ರೆ ಒಳಗೆ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ದು ‘ಸ್ಟೀರಾಯ್ಡ್ ಮೇಲಿದ್ದಾರೆ’ ಎಂದು ಮೊದಲೇ ಹೇಳಿ. ಅಲ್ಲಿ ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ. ಇಂಜೆಕ್ಷನ್ ಕೊಡುತ್ತಾರೆ. ಮಾತ್ರೆ ಪೂರ್ತಿ ನಿಂತ ಮೇಲೂ ಒಂದು ವರ್ಷ, ಆಪರೇಷನ್ ಏನಾದರೂ ಇದ್ದರೆ ಈ ಮಾತು ಹೇಳಲು ಮರೆಯಬೇಡಿ.