ಲಿ ಶಿಯಾಂಟಿಂಗ್ ಯಾರು? ಚೀನಾದ ಸಮಕಾಲೀನ ಕಲೆಗೆ ಅವರು ಏಕೆ ಮುಖ್ಯ?

ಬರವಣಿಗೆಯಿಂದ ಕ್ಯುರೇಟರ್ ಕೆಲಸಕ್ಕೆ, ಅಂದರೆ ಕಲಾ ಪ್ರದರ್ಶನಗಳನ್ನು ರೂಪಿಸುವ ಕೆಲಸಕ್ಕೆ, ಬಂದ ಚೀನಾದ ಕಲಾ ವಿಮರ್ಶಕರು. 1978ರಲ್ಲಿ ಬೀಜಿಂಗ್‌ನ ಕೇಂದ್ರ ಲಲಿತಕಲಾ ಅಕಾಡೆಮಿಯಲ್ಲಿ ಓದು ಮುಗಿಸಿ 'ಮೇಯ್‌ಶು' ಕಲಾ ಪತ್ರಿಕೆಯ ಸಂಪಾದಕರಾದರು. ಸರ್ಕಾರಿ ಮನ್ನಣೆಯಿಲ್ಲದ 'ಸ್ಟಾರ್ಸ್' ಎಂಬ ಕಲಾವಿದರ ಗುಂಪಿನ ಬಗ್ಗೆ ಅಲ್ಲಿ ಬರೆದದ್ದು ಆ ಕಾಲಕ್ಕೆ ನಿಜಕ್ಕೂ ದೊಡ್ಡ ಧೈರ್ಯ.

1989ರ ಫೆಬ್ರವರಿಯಲ್ಲಿ ಬೀಜಿಂಗ್‌ನ ರಾಷ್ಟ್ರೀಯ ಗ್ಯಾಲರಿಯಲ್ಲಿ ನಡೆದ 'ಚೀನಾ/ಅವಾಂಗಾರ್ಡ್' ಪ್ರದರ್ಶನದ ಸಂಘಟಕರಲ್ಲಿ ಅವರೂ ಒಬ್ಬರು. ಕಲಾವಿದೆ ಶಿಯಾವೊ ಲು ತಮ್ಮದೇ ಕಲಾಕೃತಿಯತ್ತ ಗುಂಡು ಹಾರಿಸಿದಾಗ ಉದ್ಘಾಟನೆಯ ದಿನವೇ ಬಾಗಿಲು ಮುಚ್ಚಿಸಲಾಯಿತು. ಅದೇ ವರ್ಷ ಜೂನ್‌ನಲ್ಲಿ ತಿಯಾನನ್ಮೆನ್ ಚೌಕದ ಪ್ರತಿಭಟನೆಯನ್ನು ಸೇನೆ ಹತ್ತಿಕ್ಕಿದ ನಂತರದ ಹತಾಶೆಯಿಂದ ಹುಟ್ಟಿದ ಚಿತ್ರಗಳನ್ನು ಅವರು 'ಸಿನಿಕಲ್ ರಿಯಲಿಸಂ' (ನಿರಾಸೆ, ವ್ಯಂಗ್ಯ ತುಂಬಿದ ವಾಸ್ತವ ಚಿತ್ರಣ), 'ಪೊಲಿಟಿಕಲ್ ಪಾಪ್' (ರಾಜಕೀಯ ಸಂಕೇತಗಳನ್ನು ಜಾಹೀರಾತಿನಂಥ ಶೈಲಿಯಲ್ಲಿ ಬಳಸುವ ಕಲೆ) ಎಂದು ತಮ್ಮ ಬರಹಗಳಲ್ಲಿ ಗುರುತಿಸಿದರು. 1993ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅವರೂ ಸೇರಿ ರೂಪಿಸಿದ ಪ್ರದರ್ಶನದ ಮೂಲಕ ಆ ಚಿತ್ರಗಳು ಜಗತ್ತಿಗೆ ತಲುಪಿದವು. ನನ್ನ ಮಟ್ಟಿಗೆ, ಅವರ ಅತಿ ದೊಡ್ಡ ಕೊಡುಗೆ ಆ ಬರಹಗಳೇ. ಮುಂದೆ ಬೀಜಿಂಗ್ ಹೊರವಲಯದ ಸೋಂಗ್‌ಜ್ವಾಂಗ್ ಹಳ್ಳಿಯಲ್ಲಿ ನೆಲೆಸಿ ಸ್ವತಂತ್ರ ಸಿನಿಮಾಗಳಿಗೂ ಬೆಂಬಲವಾಗಿ ನಿಂತರು.