ಹುಳು ಸಾಯಲಿಲ್ಲ ಎಂದ ಮಾತ್ರಕ್ಕೆ ಔಷಧಿ ನಿರಪಾಯವೇ?

ತಿಪಟೂರು ಕಡೆಯ ಓದುಗರೊಬ್ಬರ ಪ್ರಶ್ನೆ: "ನೊಣದ ಕಾಟಕ್ಕೆ ಡೈಫ್ಲುಬೆಂಜುರಾನ್ ಪುಡಿಯನ್ನು ನೀರಿಗೆ ಕಲಸಿ ಕೊಟ್ಟಿಗೆಗೆ, ತಿಪ್ಪೆಗೆ ಸಿಂಪಡಿಸಿದೆ. ತೋಟದಲ್ಲಿ ಬಿದ್ದ ಸಗಣಿಗೂ ಹೊಡೆದೆ. ಸಗಣಿ ಹುಳುಗಳು ಮಾಮೂಲಿನಂತೆ ಓಡಾಡುತ್ತಿವೆ. ಅವಕ್ಕೆ ಇದರಿಂದ ಏನೂ ಆಗದು ಅನ್ನುತ್ತಾರೆ ಅಂಗಡಿಯವರು. ನಿಜವೇ?"

ಓಡಾಡುವ ಹುಳು ನೋಡಿ ತೀರ್ಮಾನಕ್ಕೆ ಬರಬೇಡಿ. ಕೀಟದ ಮೈಹೊದಿಕೆಗೆ ಬೇಕಾದ ಕೈಟಿನ್ ತಯಾರಾಗದಂತೆ ತಡೆಯುವುದು ಈ ಔಷಧಿಯ ಕೆಲಸ. ಬೆಳೆದ ಹುಳುವಿನ ಕವಚ ಆಗಲೇ ಗಟ್ಟಿಯಾಗಿರುವುದರಿಂದ ಅದು ಸಾಯುವುದಿಲ್ಲ. ಮರಿಹುಳು ಮಾತ್ರ ಪೊರೆ ಬಿಡುವ ಹೊತ್ತಿಗೆ ಹೊಸ ಚರ್ಮ ಕಟ್ಟಲಾಗದೆ ಸತ್ತುಹೋಗುತ್ತದೆ. ನಿಮ್ಮ ತೋಟದ ಸಗಣಿ ಹುಳುಗಳಲ್ಲಿ ಬಹುಪಾಲು ಸಗಣಿಯನ್ನು ನೆಲದೊಳಕ್ಕೆ ಒಯ್ದು ಉಂಡೆ ಕಟ್ಟಿ, ಅದರೊಳಗೆ ಮೊಟ್ಟೆ ಇಡುವ ಜಾತಿಯವು. ಮರಿ ಬೆಳೆದು ದೊಡ್ಡದಾಗುವ ತನಕ ಅದಕ್ಕೆ ಆ ಒಂದೇ ಉಂಡೆ ಊಟ. ಅದರಲ್ಲಿ ಔಷಧಿ ಸೇರಿದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ನಷ್ಟ ಗೊತ್ತಾಗುವುದು ಮುಂದಿನ ಪೀಳಿಗೆಯಲ್ಲಿ, ಸಗಣಿ ಮಣ್ಣಿಗೆ ಸೇರದೆ ಬೆರಣಿಯಂತೆ ಒಣಗಿ ಉಳಿದಾಗ.

ಈ ಗುಂಪಿನ ಔಷಧಿಗಳೆಲ್ಲ ಒಂದೇ ಥರ ಅಲ್ಲ. ರಕ್ತ ಹೀರುವ ಉಣ್ಣೆಹುಳುವಿಗೆಂದು (ಉಣುಗು) ದನದ ಬೆನ್ನಿನ ಮೇಲೆ ಸುರಿಯುವ ಫ್ಲೂಅಜುರಾನ್ ಕೂಡ ಕೈಟಿನ್ ತಡೆಯುವಂಥದೇ. ಆದರೆ ದಕ್ಷಿಣ ಆಫ್ರಿಕಾದಲ್ಲಿ ಆಂಥೊಫೇಗಸ್ ಗಝೆಲಾ ಎಂಬ ಸಗಣಿ ಹುಳುವಿನ ಮೇಲೆ ಮಾಡಿದ ಪರೀಕ್ಷೆಯಲ್ಲಿ ಅದರಿಂದ ಹಾನಿ ಕಾಣಲಿಲ್ಲ. ಆ ಫಲಿತಾಂಶವನ್ನು ನೀವು ನೇರವಾಗಿ ಸಗಣಿಗೆ ಹೊಡೆದ ಔಷಧಿಗೆ ಅನ್ವಯಿಸಲಾಗದು.

ಪರೀಕ್ಷಿಸಿ ನೋಡಬೇಕೆಂದರೆ ಎರಡು ಬಕೆಟ್ ಸಾಕು. ಮುಕ್ಕಾಲು ಭಾಗ ಹಸಿ ಮಣ್ಣು ತುಂಬಿ ಅದುಮಿ. ಮಣ್ಣು ಹಿಡಿಯಲ್ಲಿ ಉಂಡೆಯಾಗಬೇಕು, ನೀರು ಜಿನುಗಬಾರದು. ಒಂದಕ್ಕೆ ಔಷಧಿ ಬಿದ್ದ ಸಗಣಿ, ಇನ್ನೊಂದಕ್ಕೆ ಬೀಳದ ಸಗಣಿ, ತಲಾ ಒಂದು ಲೀಟರಿನಷ್ಟು. ಎರಡಕ್ಕೂ ಒಂದೇ ಜಾತಿಯ ಹತ್ತತ್ತು ಹುಳು ಬಿಟ್ಟು ಸೊಳ್ಳೆಪರದೆ ಕಟ್ಟಿ. ಹತ್ತು ದಿನದ ಮೇಲೆ ಮಣ್ಣು ಕೆದಕಿ ದೊಡ್ಡ ಹುಳುಗಳನ್ನು ತೆಗೆದು, ಉಂಡೆ ಎಣಿಸಿ, ಮತ್ತೆ ಹಸಿ ಮಣ್ಣಲ್ಲಿ ಹೂಳಿ. ಆರರಿಂದ ಎಂಟು ವಾರದಲ್ಲಿ ಎಷ್ಟು ಹುಳು ಹೊರಬಂದವು ಎಂದು ಹೋಲಿಸಿ. ನಡುವೆ ಮಣ್ಣು ಒಣಗಿದರೆ ಔಷಧಿ ಇಲ್ಲದ ಬಕೆಟ್ಟಿನಲ್ಲೂ ಮರಿ ಸಾಯುತ್ತವೆ, ಪರೀಕ್ಷೆ ಕೆಡುತ್ತದೆ.

ಇನ್ನೊಂದು ಮಾತು, ನೀವು ತೆಂಗಿನ ಸೀಮೆಯವರಾದ್ದರಿಂದ. ತಿಪ್ಪೆಯಲ್ಲಿ ಹೆಬ್ಬೆರಳು ಗಾತ್ರದ, ಬಾಗಿಕೊಂಡ ಬಿಳಿ ಮರಿಹುಳು ಉಂಡೆಯೊಳಗಲ್ಲದೆ ಬಿಡಿಬಿಡಿಯಾಗಿ ಸಿಕ್ಕರೆ ಅದು ಬಹುಶಃ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಮರಿ. ಅದನ್ನು ಉಳಿಸಬೇಕಿಲ್ಲ; ತಿಪ್ಪೆಗೆ ಮೆಟಾರೈಜಿಯಂ ಶಿಲೀಂಧ್ರ ಬೆರೆಸಿದರೆ ಹತೋಟಿಗೆ ಬರುತ್ತದೆ.

ನೊಣಕ್ಕೆ ಔಷಧಿಗಿಂತ ಮೊದಲು ಸಗಣಿ ಸಾಗಿಸುವ ದಿನ ಸರಿಮಾಡಿ. ಬೇಸಿಗೆಯಲ್ಲಿ ಮನೆನೊಣ ಮೊಟ್ಟೆಯಿಂದ ನೊಣವಾಗಲು ಏಳರಿಂದ ಹತ್ತು ದಿನ ಸಾಕು. ಹಾಗಾಗಿ ವಾರಕ್ಕೆ ಎರಡು ಸಲ ಕೊಟ್ಟಿಗೆಯ ಮೂಲೆ, ಗಂಜಲದ ಕಾಲುವೆ ಬಳಿದು ತೆಗೆಯಿರಿ. ತಿಪ್ಪೆಗೆ ದಪ್ಪ ಪ್ಲಾಸ್ಟಿಕ್ ಮುಚ್ಚಿ. ಔಷಧಿ ಬೇಕೇಬೇಕೆಂದರೆ ಲೇಬಲ್ಲಿನಲ್ಲಿ ಹೇಳಿದ ಪ್ರಮಾಣದಲ್ಲಿ, ಅದು ಒಪ್ಪುವ ಜಾಗಕ್ಕಷ್ಟೇ ಬಳಸಿ. ತೋಟದಲ್ಲಿ ಬಿದ್ದ ಸಗಣಿಗೆ ಬೇಡವೇ ಬೇಡ. ಮುಂಗಾರಿನ ಮೊದಲ ಮಳೆಗೆ ಹುಳುಗಳು ಮೇಲೆದ್ದು ಉಂಡೆ ಕಟ್ಟುವ ವಾರಗಳಲ್ಲಂತೂ ಸಿಂಪಡಣೆಯ ಪಂಪು ತೋಟಕ್ಕೆ ಒಯ್ಯಬೇಡಿ.